ಪೆಟ್ಟಿಗೆಯೊಳಗಿನ ದುಂಬಿ

ಕನ್ನಡದ ಅಧ್ಯಾಪಕನೊಬ್ಬನು ವಿದ್ಯುತ್ ಗಿಟಾರಿನ ವಿಷಯವನ್ನು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಷಟ್ಪದಿಯ ಮಾತ್ರೆಗಳನ್ನು ಎಣಿಸಿ ಬೆರಳು ಸವೆಸಿದ ನನಗೂ ಆ ಆರು ತಂತಿಗಳ ವಾದ್ಯಕ್ಕೂ ಯಾವ ಜನ್ಮದ ನಂಟು? ಕೆಲವು ತಿಂಗಳ ಹಿಂದಿನವರೆಗೆ ನಾನೂ ಹಾಗೆಯೇ ತಿಳಿದಿದ್ದೆನು. ಆದರೆ ನಂಟು ಎಂಬುದು ನಾವು ಹುಡುಕಿಕೊಂಡು ಹೋಗುವ ವಸ್ತುವಲ್ಲ. ಅದೇ ಬಂದು ನಮ್ಮ ಮನೆಯ ಕದವನ್ನು ತಟ್ಟುತ್ತದೆ. ನನ್ನ ಪಾಲಿಗೆ ಅದು ಒಂದು ಭಾನುವಾರ ಬೆಳಗ್ಗೆ ಆಟೋರಿಕ್ಷಾದಲ್ಲಿ ಬಂದಿಳಿಯಿತು. ಮೊದಲು ಕಪ್ಪು ಬಟ್ಟೆ ಹೊದೆಸಿದ, ಇಬ್ಬರು ಹಿಡಿದು ಎತ್ತಬೇಕಾದ ಒಂದು ಪೆಟ್ಟಿಗೆ. ಅದರ ಹಿಂದೆ ನನ್ನ ಅಕ್ಕನ ಮಗ.

"ಮಾವ, ಇದು ಸುಮ್ಮನೇ ಇರುವುದೇ ಇಲ್ಲ" ಎಂದನು ಹುಡುಗ. "ನಾನು ನುಡಿಸಲಿ, ಬಿಡಲಿ, ಇದು ತನ್ನಷ್ಟಕ್ಕೆ ಹಾಡಿಕೊಳ್ಳುತ್ತದೆ."

ಆ ಪೆಟ್ಟಿಗೆ ನನಗೆ ಅಪರಿಚಿತವಾದುದಲ್ಲ. ಅದು ನನ್ನ ಭಾವನವರದು. ಹಗಲು ಬ್ಯಾಂಕಿನ ಲೆಕ್ಕಪತ್ರ ನೋಡುತ್ತಿದ್ದ ಅವರು ಶನಿವಾರ ಸಂಜೆ ನಾಲ್ಕಾರು ಗೆಳೆಯರೊಡನೆ ಕೂಡಿ ಗಿಟಾರ್ ನುಡಿಸುತ್ತಿದ್ದರು. ಅವರು ತೀರಿಕೊಂಡು 6 ವರ್ಷಗಳಾದುವು. ಅಂದಿನಿಂದ ಈ ಆಂಪ್ಲಿಫೈಯರು ಅಕ್ಕನ ಮಂಚದ ಕೆಳಗೆ ಹಳೆಯ ಸೀರೆಯೊಂದನ್ನು ಹೊದ್ದು ಮಲಗಿತ್ತು. ಈಗ ಮಗನಿಗೆ 19 ವರ್ಷ. ತಂದೆಯ ಗಿಟಾರು ಕೈಗೆ ಒಗ್ಗಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅದನ್ನು ತಂದೆಯ ಪೆಟ್ಟಿಗೆಯ ಮೂಲಕವೇ ನುಡಿಸಬೇಕೆಂಬುದು ಅವನ ಹಟ. ಉತ್ಸವಕ್ಕೆ 12 ದಿನಗಳು ಉಳಿದಿದ್ದುವು. ಅಂಗಡಿಯವರೊಬ್ಬರು "ಇದನ್ನು ಮಾರಿ ಹೊಸದು ಕೊಳ್ಳಿ" ಎಂದಿದ್ದರಂತೆ. ಅಕ್ಕನೂ "ಸರಿ, ಕೊಟ್ಟುಬಿಡು" ಎಂದಳಂತೆ. ಆದರೆ ಹಾಗೆಂದವಳು ಆ ಸೀರೆಯನ್ನು ಮಡಿಸಿಡುತ್ತ ಬಹಳ ಹೊತ್ತು ಮಂಚದ ಬಳಿಯೇ ಕುಳಿತಿದ್ದಳೆಂದು ಹುಡುಗ ಹೇಳಿದಾಗ, ಪೆಟ್ಟಿಗೆಯನ್ನು ಮಾರತಕ್ಕದ್ದಲ್ಲವೆಂದು ನನಗೂ ತೋರಿತು.

ನಮ್ಮ ಪಕ್ಕದ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ವಯಸ್ಸು 74. ಜೀವಮಾನವನ್ನೆಲ್ಲ ರೇಡಿಯೋ ದುರಸ್ತಿಯಲ್ಲಿ ಕಳೆದವರು. ಅವರಿಗೆ ಫೋನು ಮಾಡಿ ವಿಷಯ ತಿಳಿಸಿದೆನು. ಅವರು ಕೇಳಿದ ಮೊದಲ ಪ್ರಶ್ನೆ, "ಸದ್ದು ಎಂದರೆ ಯಾವ ಸದ್ದು?"

ನಾನು ಪೆಚ್ಚಾದೆನು. ಸದ್ದಿನಲ್ಲಿಯೂ ಜಾತಿಯುಂಟೇ?

"ಉಂಟು ಸ್ವಾಮಿ. ಗುಂಯ್ ಎನ್ನುತ್ತದೆಯೋ, ಸುಯ್ ಎನ್ನುತ್ತದೆಯೋ, ಚಟಪಟ ಎನ್ನುತ್ತದೆಯೋ, ಮುಟ್ಟಿದರೆ ಟಣ್ ಎನ್ನುತ್ತದೆಯೋ? ಡಾಕ್ಟರಿಗೆ 'ನೋವು' ಎಂದಷ್ಟೇ ಹೇಳಿದರೆ ಸಾಕಾಗುತ್ತದೆಯೇ?"

ತರಗತಿಯಲ್ಲಿ ಅನುಕರಣಾವ್ಯಯಗಳನ್ನು ನಾನು ಎಷ್ಟೋ ವರ್ಷಗಳಿಂದ ಪಾಠ ಹೇಳಿದ್ದೇನೆ. ಅವುಗಳಿಂದ ಪರೀಕ್ಷೆಯಲ್ಲಿ ಎರಡು ಅಂಕಗಳಲ್ಲದೆ ಮತ್ತೇನಾದರೂ ಪ್ರಯೋಜನವುಂಟೆಂದು ಅಂದೇ ತಿಳಿದದ್ದು. ಗುಂಯ್ ಎಂದರೆ ಒಂದು ರೋಗ. ಸುಯ್ ಎಂದರೆ ಮತ್ತೊಂದು. ಚಟಪಟ ಎಂದರೆ ಮೂರನೆಯದು. ಹೆಸರಿಟ್ಟೊಡನೆ ಅರ್ಧ ಚಿಕಿತ್ಸೆ ಮುಗಿದಂತೆ.

ಸಂಜೆ ಹಿರಿಯರು ಬಂದರು. ಕೈಯಲ್ಲೊಂದು ಬಟ್ಟೆಯ ಚೀಲ. ಕುಳಿತೊಡನೆ ತಮ್ಮ ಕಸುಬಿನ ಸೂತ್ರವನ್ನು ಹೇಳಿದರು. "ಮೊದಲು ಕಣ್ಣು, ತರುವಾಯ ಕಿವಿ, ಕಟ್ಟಕಡೆಗೆ ಕೈ. ಈ ಕ್ರಮ ತಪ್ಪಿದವನು ಪೆಟ್ಟಿಗೆಯನ್ನೂ ಕೆಡಿಸುತ್ತಾನೆ, ತಾನೂ ಕೆಡುತ್ತಾನೆ."

ಹಾಗೆನ್ನುತ್ತ ಅವರು ಪೆಟ್ಟಿಗೆಯ ಕಡೆಗೆ ತಿರುಗಿಯೂ ನೋಡದೆ, ಅದರ ಬಾಲದಂತೆ ಬಿದ್ದಿದ್ದ ವಯರನ್ನು ಹಿಡಿದು ಅದರ ತುದಿಯ ಪ್ಲಗ್ಗನ್ನು ಕನ್ನಡಕದ ಹತ್ತಿರ ತಂದುಕೊಂಡರು. ಮೂರು ಪಿನ್ನುಗಳಿರಬೇಕಾದಲ್ಲಿ ಎರಡೇ ಇದ್ದುವು. ಮೇಲಿನ ದಪ್ಪ ಪಿನ್ನನ್ನು ಯಾರೋ ಬುಡಕ್ಕೆ ಕತ್ತರಿಸಿದ್ದರು.

"ಇದಕ್ಕೆ ಅರ್ಥ್ ಇಲ್ಲ" ಎಂದರು.

ಅರ್ಥವಿಲ್ಲದಿರುವುದೇನು ಎಂದು ನಾನು ಯೋಚಿಸುತ್ತಿರುವಾಗಲೇ ಹುಡುಗನ ಮುಖ ಸಣ್ಣದಾಯಿತು. "ಅದನ್ನು ಅಪ್ಪನೇ ಕತ್ತರಿಸಿದ್ದು. ಗುಂಯ್ ಎನ್ನುವುದು ನಿಲ್ಲಲಿ ಎಂದು. ಅದು ಹಾಗೆಯೇ ಇರಲಿ."

ಹಿರಿಯರು ಪ್ಲಗ್ಗನ್ನು ನೆಲದ ಮೇಲಿಟ್ಟರು. "ಹಾಗಾದರೆ ನಾನು ಸ್ವಿಚ್ಚು ಹಾಕುವುದಿಲ್ಲ" ಎಂದರು.

ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬರಬೇಕು. ವಿದ್ಯುತ್ ಗಿಟಾರಿನ ತಂತಿಗಳು ಬರಿಯ ತಂತಿಗಳಲ್ಲ. ಅವು ವಾದ್ಯದೊಳಗಿನ ವಯರಿನ ಮೂಲಕ ಆಂಪ್ಲಿಫೈಯರಿನ ಲೋಹದ ತಟ್ಟೆಗೆ ಸೇರಿಕೊಂಡಿರುತ್ತವೆ. ಆ ತಟ್ಟೆ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿಕೊಂಡಿರಬೇಕು. ಹಾಗಿದ್ದರೆ, ಒಳಗೆ ಏನಾದರೂ ಕೆಟ್ಟು 230 ವೋಲ್ಟಿನ ವಿದ್ಯುತ್ತು ತಟ್ಟೆಗೆ ತಗುಲಿದರೂ ಅದು ಭೂಮಿಗೆ ಹರಿದುಹೋಗಿ ಫ್ಯೂಸು ಸುಡುತ್ತದೆ. ಮನುಷ್ಯ ಉಳಿಯುತ್ತಾನೆ. ಪಿನ್ನು ಇಲ್ಲದಿದ್ದರೆ ಆ ವಿದ್ಯುತ್ತು ತಟ್ಟೆಯಿಂದ ತಂತಿಗೆ, ತಂತಿಯಿಂದ ಬೆರಳಿಗೆ ಬಂದು ಕಾಯುತ್ತ ಕುಳಿತಿರುತ್ತದೆ. ನುಡಿಸುವವನು ಹಾಡುವುದಕ್ಕೆಂದು ಮೈಕಿಗೆ ತುಟಿ ತಾಗಿಸಿದ ಕ್ಷಣ, ಭೂಮಿಗೆ ಹೋಗುವ ದಾರಿ ಅವನ ದೇಹವೇ ಆಗುತ್ತದೆ.

ಇದು ಹೆದರಿಸುವ ಮಾತಲ್ಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ 'ಸ್ಟೋನ್ ದಿ ಕ್ರೋಸ್' ಎಂಬ ಸ್ಕಾಟ್ಲೆಂಡಿನ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಎಂಬಾತನು ವೇದಿಕೆಯ ಮೇಲೆಯೇ, ಕೈಯಲ್ಲಿ ಗಿಟಾರು ಹಿಡಿದು ಮೈಕನ್ನು ಮುಟ್ಟಿ, ವಿದ್ಯುದಾಘಾತದಿಂದ ತೀರಿಕೊಂಡನು. 1976ರ ಮೇ ತಿಂಗಳಲ್ಲಿ 'ಯಾರ್ಡ್‌ಬರ್ಡ್ಸ್' ತಂಡದ ಗಾಯಕನಾಗಿ ಹೆಸರು ಮಾಡಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲಿಯೇ ಗಿಟಾರು ನುಡಿಸುತ್ತ ಇದೇ ಬಗೆಯಲ್ಲಿ ಸತ್ತನು. ಇಬ್ಬರೂ ಕಸುಬು ಬಲ್ಲವರು. ವಿದ್ಯುತ್ತಿಗೆ ಹೆಸರುವಾಸಿಯಾದವರ ಮೇಲೆ ದಾಕ್ಷಿಣ್ಯವಿಲ್ಲ.

ಹಿರಿಯರು ಇದನ್ನೆಲ್ಲ ಸಾವಧಾನವಾಗಿ ಹೇಳಿದರು. ಕೊನೆಗೆ, "ನಿಮ್ಮ ತಂದೆ ಬದುಕಿದ್ದು, ನೀನು ಈ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವುದನ್ನು ಕಂಡಿದ್ದರೆ ಏನು ಮಾಡುತ್ತಿದ್ದರು, ಹೇಳು" ಎಂದರು. ಹುಡುಗ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದುಹೋಗಿ ಮೂಲೆಯಂಗಡಿಯಿಂದ ಹೊಸ ಮೂರು ಪಿನ್ನಿನ ಪ್ಲಗ್ಗನ್ನು ತಂದನು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ನಡುಮನೆಯ ಗೋಡೆಯಲ್ಲಿ ಮೂರು ಕಣ್ಣಿನ ಸಾಕೆಟ್ಟು ಇದೆಯಷ್ಟೆ. ಹಿರಿಯರು ಪರೀಕ್ಷಿಸಿ ನೋಡಿದರೆ ಅದರ ಮೂರನೆಯ ಕಣ್ಣು ಕುರುಡು! ಹಿಂದೆ ತಂತಿಯನ್ನೇ ಜೋಡಿಸಿರಲಿಲ್ಲ. ಮನೆಯಲ್ಲಿ ನಿಜವಾದ ಅರ್ಥ್ ಇದ್ದದ್ದು ಅಡುಗೆಮನೆಯ ಫ್ರಿಜ್ಜಿನ ಸಾಕೆಟ್ಟಿಗೆ ಮಾತ್ರ. ಆದಕಾರಣ ಆ ಸಂಜೆಯ ಸಂಗೀತವೆಲ್ಲ ಒಗ್ಗರಣೆಯ ಘಾಟಿನ ನಡುವೆಯೇ ನಡೆಯಿತು. ನನ್ನ ಶ್ರೀಮತಿಯವರು ಈ ಅಧ್ಯಾಯವನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ, ಅದಿರಲಿ. ಮರುದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಲ್ಲ ಸಾಕೆಟ್ಟುಗಳಿಗೂ ಅರ್ಥ್ ಕೊಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ರಕ್ಷಣಾ ಸ್ವಿಚ್ಚನ್ನು ಹಾಕಿಸಿದೆನು. ವಾಚಕರೂ ತಮ್ಮ ಮನೆಯ ಮೂರನೆಯ ಕಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಪೆಟ್ಟಿಗೆಯ ಒಳಗಿನ ವಿಚಾರ. ಈಗಿನ ಉಪಕರಣಗಳಲ್ಲಿ ಟ್ರಾನ್ಸಿಸ್ಟರುಗಳೂ ಚಿಪ್ಪುಗಳೂ ಇರುತ್ತವೆ. ಇದರಲ್ಲಿರುವುದು ಗಾಜಿನ ವಾಲ್ವ್‌ಗಳು. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಮೊದಲ ವಾಲ್ವನ್ನು ಮಾಡಿದನು. ಅಮೆರಿಕೆಯ ಲೀ ಡಿ ಫಾರೆಸ್ಟ್ 1906ರ ಹೊತ್ತಿಗೆ ಅದಕ್ಕೆ ಮೂರನೆಯ ಅಂಗವಾದ ಗ್ರಿಡ್ಡನ್ನು ಸೇರಿಸಿದನು. ಆ ಗ್ರಿಡ್ಡನ್ನು ನಮ್ಮ ಕೆರೆಯ ತೂಬಿಗೆ ಹೋಲಿಸಬಹುದು. ತೂಬನ್ನು ಬೆರಳಗಲ ಎತ್ತಿದರೆ ಗದ್ದೆಯುದ್ದ ನೀರು. ಗ್ರಿಡ್ಡಿಗೆ ಗಿಟಾರಿನ ಅಲ್ಪ ಸ್ಪಂದನ ತಗುಲಿದರೆ ವಾಲ್ವಿನಲ್ಲಿ ದೊಡ್ಡ ಪ್ರವಾಹ. ರೇಡಿಯೋಗಳಿಂದ ವಾಲ್ವ್‌ಗಳು ಮರೆಯಾಗಿ ದಶಕಗಳೇ ಕಳೆದರೂ ಗಿಟಾರಿನವರು ಮಾತ್ರ ಅವನ್ನು ಬಿಟ್ಟಿಲ್ಲ. ಶಕ್ತಿ ಮೀರಿ ದುಡಿಸಿದಾಗ ವಾಲ್ವ್ ಕರ್ಕಶವಾಗಿ ಒಡೆಯದೆ, ಮೆಲ್ಲಗೆ ಗೊಗ್ಗರಾಗುತ್ತದೆ. ಆ ಗೊಗ್ಗರೇ ಅವರಿಗೆ ಇಷ್ಟ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವನು ಕಟ್ಟಿದ ಇಂತಹ ಪೆಟ್ಟಿಗೆಯೊಂದರ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಪೆಟ್ಟಿಗೆಯನ್ನು ಮಾಡಿಸಿದನು. ಆ ವಂಶವೇ ಇಂದಿಗೂ ನಡೆದುಬಂದಿದೆ.

ಕಣ್ಣಿನ ಕೆಲಸ ಮುಗಿಯಿತು. ಇನ್ನು ಕಿವಿಯ ಸರದಿ. ಸ್ವಿಚ್ಚು ಹಾಕಿ ವಾಲ್ವ್‌ಗಳು ಕಾಯುವವರೆಗೆ ಕಾದೆವು. ನಿಧಾನವಾಗಿ ಕತ್ತಲೆಯ ಗವಿಯಿಂದ ದೊಡ್ಡದೊಂದು ದುಂಬಿ ಹೊರಟುಬರುವಂತೆ ಗುಂಯ್ ಎಂಬ ಮೊರೆತ ಕೇಳಿಬಂತು. ಅದರ ಮೇಲೆ ತೆಳ್ಳಗೆ ಸುಯ್ ಎಂಬ ಉಸಿರು.

ಮೊದಲ ಪರೀಕ್ಷೆ: ಗಿಟಾರಿನ ವಯರನ್ನು ಪೆಟ್ಟಿಗೆಯಿಂದ ಕಿತ್ತುಬಿಡುವುದು. ಸದ್ದು ನಿಂತರೆ ತಪ್ಪು ಪೆಟ್ಟಿಗೆಯದಲ್ಲ, ವಾದ್ಯದ್ದು ಅಥವಾ ವಯರಿನದು. ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ತಾಮ್ರದ ಸುರುಳಿಯೊಂದಿರುತ್ತದೆ. ಅದು ಮನೆಯ ವಿದ್ಯುತ್ತಿನ ಮೊರೆತವನ್ನೂ ಹಿಡಿಯಬಲ್ಲದು. ವಾದ್ಯವನ್ನು ಹಿಡಿದು ಸುತ್ತ ತಿರುಗಿದಾಗ ಸದ್ದು ಏರಿಳಿದರೆ ಅದೇ ಕಾರಣವೆಂದು ತಿಳಿಯಬೇಕು. ಅಮೆರಿಕೆಯ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರು 1955ರಲ್ಲಿ ಇದಕ್ಕೆ ಸೊಗಸಾದ ಪರಿಹಾರವನ್ನು ಕಂಡುಹಿಡಿದನು. ಒಂದರ ಬದಲು ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತಗಳನ್ನೂ ಎದುರುಬದುರು ಮಾಡಿದರೆ, ಹೊರಗಿನ ಮೊರೆತ ಒಂದನ್ನೊಂದು ಹೊಡೆದು ಹೋಗುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಪಕ್ಕದಲ್ಲಿ ಮೊಬೈಲ್ ಫೋನಾಗಲಿ ಬೆಳಕನ್ನು ಏರಿಳಿಸುವ ರೆಗ್ಯುಲೇಟರಾಗಲಿ ಇದ್ದರೂ ಸದ್ದು ಬರಬಹುದು. ಅವನ್ನು ದೂರವಿಟ್ಟು ನೋಡಬೇಕು. ನಮ್ಮ ಪೆಟ್ಟಿಗೆ ಮಾತ್ರ ವಯರು ಕಿತ್ತರೂ ಮೊರೆಯುತ್ತಲೇ ಇತ್ತು.

ಎರಡನೆಯ ಪರೀಕ್ಷೆ: ಧ್ವನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸುವುದು. ಸುಯ್ ಎಂಬುದು ತಕ್ಷಣ ಅಡಗಿತು. ಗುಂಯ್ ಎಂಬುದು ಒಂದಿಷ್ಟೂ ಕುಗ್ಗಲಿಲ್ಲ. ಇದರ ಅರ್ಥ ಸ್ಪಷ್ಟ. ಸುಯ್ ಹುಟ್ಟುವುದು ಗುಂಡಿಗಿಂತ ಮುಂಚಿನ ಹಂತದಲ್ಲಿ. ಗುಂಯ್ ಹುಟ್ಟುವುದು ಗುಂಡಿಯ ಅನಂತರ. ಒಂದೇ ತಿರುವಿನಲ್ಲಿ ಅರ್ಧ ಪೆಟ್ಟಿಗೆ ಶಂಕೆಯಿಂದ ಬಿಡುಗಡೆಯಾಯಿತು. ಗುಂಡಿಯನ್ನು ತಿರುಗಿಸುವಾಗ ಸರಬರ ಎಂದದ್ದು ಅದರೊಳಗಿನ ಧೂಳು. ಅದಕ್ಕೆ ಸಂಪರ್ಕಗಳನ್ನು ಶುಚಿಮಾಡುವ ದ್ರವದ ಎರಡು ತೊಟ್ಟು ಸಾಕು.

ಮೂರನೆಯ ಪರೀಕ್ಷೆ ನನಗೆ ಅತ್ಯಂತ ಪ್ರಿಯವಾದುದು. ಹಿರಿಯರು ಹುಡುಗನಿಗೆ, "ಈ ಗುಂಯ್ ಯಾವ ಸ್ವರದಲ್ಲಿದೆ, ಗಿಟಾರಿನಲ್ಲಿ ಹಿಡಿದು ತೋರಿಸು" ಎಂದರು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಅದು ನೇರವಾಗಿ ನುಸುಳಿದರೆ ಕೇಳುವುದು 50ರ ಸದ್ದು. ಆದರೆ ವಾಲ್ವ್‌ಗಳಿಗೆ ಏಕಮುಖ ವಿದ್ಯುತ್ತು ಬೇಕು. ತೂಗಾಟದ ಎರಡೂ ಮಗ್ಗುಲುಗಳನ್ನು ಒಂದೇ ಕಡೆಗೆ ಮಡಿಸುವುದರಿಂದ ಅಲ್ಲಿ ಉಳಿಯುವ ಅಲೆ ಸೆಕೆಂಡಿಗೆ 100. ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿದರೆ ಹೊರಡುವ ಸ್ವರ 98. ಹುಡುಗ ಅದನ್ನು ಮೀಟಿದನು. ಸ್ವರವೂ ಮೊರೆತವೂ ಬೆರೆತು ಸೆಕೆಂಡಿಗೆ ಎರಡು ಸಲ ಮೆಲ್ಲಗೆ ಉಬ್ಬಿ ಇಳಿಯತೊಡಗಿದುವು. ತಂಬೂರಿಯ ಶ್ರುತಿ ಕೂಡಿಸುವವರಿಗೆ ಈ ಉಬ್ಬಿಳಿತ ಚೆನ್ನಾಗಿ ಗೊತ್ತು. ಎರಡರ ಅಂತರ 2. ಆದುದರಿಂದ ಮೊರೆತ 100. ಅದೇ ಒಂದು ಸ್ಥಾಯಿ ಕೆಳಗೆ, 50ರಲ್ಲಿ ಇದ್ದಿದ್ದರೆ, ವಾಲ್ವ್‌ಗಳನ್ನು ಕಾಯಿಸುವ 6.3 ವೋಲ್ಟಿನ ತಂತಿಗಳನ್ನೋ, ಹೊರಗಿನ ವಯರುಗಳನ್ನೋ ಶಂಕಿಸಬೇಕಾಗಿತ್ತು. ಆ ಕಾಯಿಸುವ ತಂತಿಗಳೆರಡನ್ನು ಜಡೆಯಂತೆ ಒಂದಕ್ಕೊಂದು ಬಿಗಿಯಾಗಿ ಹೆಣೆದಿರುವುದೂ ಮೊರೆತವನ್ನು ತಡೆಯುವುದಕ್ಕಾಗಿಯೇ.

ನಾಲ್ಕನೆಯದು ಪೆನ್ಸಿಲಿನ ಪರೀಕ್ಷೆ. ಹಿರಿಯರು ಮರದ ಪೆನ್ಸಿಲಿನ ತುದಿಯಿಂದ ವಾಲ್ವ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದರು. ಮಿಕ್ಕವು ಸುಮ್ಮನಿದ್ದುವು, ಮೊದಲನೆಯದು ಮಾತ್ರ ಗಂಟೆಯಂತೆ ಟಣ್ ಎಂದಿತು. ಅದರೊಳಗಿನ ಸೂಕ್ಷ್ಮ ಅಂಗಗಳು ಸಡಿಲಗೊಂಡು ಅದೇ ಒಂದು ಮೈಕಿನಂತಾಗಿತ್ತು. ಅದು ಇ.ಸಿ.ಸಿ. 83 ಎಂಬ ಜಾತಿಯ ವಾಲ್ವ್. ಅಮೆರಿಕೆಯಲ್ಲಿ ಅದನ್ನೇ 12 ಎ.ಎಕ್ಸ್. 7 ಎನ್ನುತ್ತಾರೆ. ಹಿರಿಯರು ತಮ್ಮ ಚೀಲದಿಂದ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಸಣ್ಣ ಡಬ್ಬವೊಂದನ್ನು ತೆಗೆದರು. ಒಳಗಿದ್ದ ವಾಲ್ವಿನ ಗಾಜಿನ ಮೇಲೆ ಬಿ.ಇ.ಎಲ್. ಎಂಬ ಅಕ್ಷರಗಳು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತ್ತು. ಇಂದು ಹೊಸ ವಾಲ್ವ್ ಬೇಕೆಂದರೆ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರಬೇಕು. ಆದರೆ ನಮ್ಮೂರಿನ ಹಳೆಯ ವಾಲ್ವ್‌ಗಳನ್ನು ಹುಡುಕಿ ಕೊಳ್ಳುವವರು ಹೊರದೇಶಗಳಲ್ಲಿಯೂ ಇದ್ದಾರಂತೆ. ಆ ಡಬ್ಬವನ್ನು ಹಿರಿಯರು ಎಷ್ಟೋ ವರ್ಷಗಳಿಂದ ಜೋಪಾನ ಮಾಡಿದ್ದರು. ಬೆಲೆ ಕೇಳಿದೆನು. "ಇದು ನುಡಿಯಲೆಂದು ಹುಟ್ಟಿದ್ದು. ನನ್ನ ಕಪಾಟಿನಲ್ಲಿ ಮೂಕವಾಗಿತ್ತು" ಎಂದರು, ಹಣ ಮುಟ್ಟಲಿಲ್ಲ.

ಹೊಸ ವಾಲ್ವಿನಿಂದ ಟಣ್ ನಿಂತಿತು. ಗುಂಯ್ ಮಾತ್ರ ನಿಲ್ಲಲಿಲ್ಲ. ಕೊನೆಯ ಹಂತದಲ್ಲಿ ಎರಡು ದೊಡ್ಡ ವಾಲ್ವ್‌ಗಳು ಜೋಡೆತ್ತುಗಳಂತೆ ಎಳೆಯುತ್ತವೆ. ಎರಡೂ ಸಮಬಲವಾಗಿದ್ದರೆ ಮೊರೆತ ಒಂದರಲ್ಲೊಂದು ಅಡಗಿಹೋಗುತ್ತದೆ. ಒಂದು ಸೊರಗಿದರೆ ಬಂಡಿ ವಾಲಿ ಮೊರೆತ ಹೊರಬೀಳುತ್ತದೆ. ಹೋಲುವ ಇನ್ನೊಂದು ಜೋಡಿಯನ್ನು ಹಾಕಿ ನೋಡಿದರೂ ವ್ಯತ್ಯಾಸವಾಗಲಿಲ್ಲ. ಆ ಜೋಡಿಗೆ ಮುಂಚಿನ ವಾಲ್ವನ್ನು, ಸ್ವಿಚ್ಚು ಆರಿಸಿ, ಅದು ತಣ್ಣಗಾದ ಮೇಲೆ ಕಿತ್ತು ನೋಡಿದರು. ಆಗಲೂ ಮೊರೆತ. ಸಂದೇಹಕ್ಕೆ ಇನ್ನೆಡೆಯಿರಲಿಲ್ಲ. "ಕೆರೆ ಬತ್ತಿದೆ" ಎಂದರು ಹಿರಿಯರು.

ಅವರು ಕೆರೆಯೆಂದದ್ದು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು. ಮಳೆ ಬಿಟ್ಟುಬಿಟ್ಟು ಸುರಿದರೂ ಕೆರೆ ತುಂಬಿದ್ದರೆ ಕಾಲುವೆಯ ನೀರು ಒಂದೇ ಸಮನೆ ಹರಿಯುತ್ತದೆ. ಹೂಳು ತುಂಬಿದ ಕೆರೆಯಾದರೆ ಮಳೆ ಬಂದಾಗ ಪ್ರವಾಹ, ನಿಂತಾಗ ಬರ. ಸೆಕೆಂಡಿಗೆ 100 ಸಲ ಈ ಪ್ರವಾಹವೂ ಬರವೂ ನಡೆದರೆ ಅದೇ ಗುಂಯ್. ಈ ಕೆಪಾಸಿಟರುಗಳ ಒಳಗೆ ಒಂದು ಬಗೆಯ ದ್ರವವಿರುತ್ತದೆ. ಕಾಲಕ್ರಮದಲ್ಲಿ ಅದು ಒಣಗುತ್ತದೆ. ಉಪಯೋಗಿಸದೆ ಇಟ್ಟರೂ ಕೆಡುತ್ತದೆ. 6 ವರ್ಷ ಮಂಚದ ಕೆಳಗಿದ್ದುದು ಅದಕ್ಕೆ ವಿಶ್ರಾಂತಿಯಾಗಿರಲಿಲ್ಲ.

ಇಲ್ಲಿಂದ ಮುಂದೆ ಕೈಯ ಕೆಲಸ. ಹಿರಿಯರು ನಮ್ಮಿಬ್ಬರನ್ನೂ ಮಾರು ದೂರ ಕೂರಿಸಿದರು. ವಾಚಕರಲ್ಲಿ ಸಾಹಸಪ್ರಿಯರು ಯಾರಾದರೂ ಇದ್ದರೆ ಈ ಮಾತನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತಮೇಲೂ ಈ ಪೆಟ್ಟಿಗೆ ಸತ್ತಿರುವುದಿಲ್ಲ. ಮೊರೆತದ ಪರೀಕ್ಷೆ ಮುಗಿದಾಗ ನಾವು ಮೊದಲು ಸ್ಟ್ಯಾಂಡ್‌ಬೈ ಎಂಬ ಸ್ವಿಚ್ಚನ್ನು ಆರಿಸಿ ತರುವಾಯ ಮುಖ್ಯ ಸ್ವಿಚ್ಚನ್ನು ಆರಿಸಿದ್ದೆವು. ಆದಕಾರಣ ವಾಲ್ವ್‌ಗಳು ಕೆರೆಯ ನೀರನ್ನು ಕುಡಿದು ಮುಗಿಸಿರಲಿಲ್ಲ. ಹಿಂದಿನ ಹಲಗೆಯನ್ನು ಬಿಚ್ಚಿ ಮೀಟರಿಟ್ಟು ನೋಡಿದರೆ 200 ವೋಲ್ಟಿಗೂ ಮೇಲೆ! ಹಿರಿಯರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು; ಎರಡೂ ಕೈಗಳು ಸೋಕಿದರೆ ವಿದ್ಯುತ್ತು ಎದೆಯ ಮೂಲಕ ಹಾದುಹೋಗುವುದಲ್ಲವೇ? ಬಲಗೈಯಿಂದ, ಹಿಡಿಕೆಗೆ ಕಟ್ಟಿದ್ದ 10 ಕಿಲೋಓಮಿನ ದಪ್ಪ ರೆಸಿಸ್ಟರೊಂದನ್ನು ತಾಗಿಸಿ ಆ ಶೇಷವನ್ನು ಬರಿದುಮಾಡಿದರು. ಮತ್ತೆ ಮೀಟರು ನೋಡಿದರು. ಸೊನ್ನೆಯಾಯಿತು. ಇನ್ನೊಮ್ಮೆ ನೋಡಿದರು. ಅನಂತರವೇ ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಂಡರು. ಅರ್ಧ ಶತಮಾನದ ಅನುಭವವುಳ್ಳವರು ಎರಡು ಸಲ ನೋಡುವಾಗ, ಅನುಭವವಿಲ್ಲದ ನಾವು ಮುಟ್ಟದೆ ಇರುವುದೇ ಜಾಣತನ.

ಹೊಸ ಕೆಪಾಸಿಟರುಗಳನ್ನು ತರಿಸಿ ಹಾಕುವುದರಲ್ಲಿ ನಾಲ್ಕು ದಿನಗಳು ಹಿಡಿದುವು. ಅಂದು ರಾತ್ರಿ ಸ್ವಿಚ್ಚು ಹಾಕಿದಾಗ ದುಂಬಿ ಹಾರಿಹೋಗಿತ್ತು. ಅಡುಗೆಮನೆಯ ಗಡಿಯಾರದ ಟಿಕ್‌ಟಿಕ್ ಕೇಳಿಸುವಷ್ಟು ನಿಶ್ಶಬ್ದ.

ಇಷ್ಟಕ್ಕೆ ಕಥೆ ಮುಗಿಯಿತೆಂದು ತಿಳಿದಿದ್ದೆನು. ಆದರೆ ಉತ್ಸವಕ್ಕೆ ಎರಡು ದಿನಗಳಿರುವಾಗ ಅಭ್ಯಾಸದ ಸ್ಥಳದಿಂದಲೇ ಹುಡುಗನ ಫೋನು ಬಂತು. "ಮಾವ, ಗುಂಯ್ ಮತ್ತೆ ಬಂದಿದೆ!" ನಾನು ಹಿರಿಯರನ್ನು ಕರೆದುಕೊಂಡು ಓಡಿದೆನು. ಗೆಳೆಯನೊಬ್ಬನು ಪ್ರತಿಧ್ವನಿಯನ್ನು ಕೊಡುವ ಯಂತ್ರವೊಂದನ್ನು ತಂದು ಗಿಟಾರಿಗೂ ಪೆಟ್ಟಿಗೆಗೂ ನಡುವೆ ಜೋಡಿಸಿದ್ದನು. ಯಂತ್ರದ ಪ್ಲಗ್ಗು ವೇದಿಕೆಯ ಎಡಗಡೆಯ ಗೋಡೆಯಲ್ಲಿ, ಪೆಟ್ಟಿಗೆಯದು ಬಲಗಡೆಯ ಗೋಡೆಯಲ್ಲಿ. ಎರಡಕ್ಕೂ ಅರ್ಥ್ ಉಂಟು. ನಡುವೆ ಗಿಟಾರಿನ ವಯರಿನ ಮೂಲಕ ಇನ್ನೊಂದು ಸಂಬಂಧವೂ ಉಂಟು. ಹೀಗೆ ಭೂಮಿಯ ತಂತಿಗಳೇ ವೇದಿಕೆಯನ್ನೆಲ್ಲ ಸುತ್ತುವ ಒಂದು ದೊಡ್ಡ ಬಳೆಯಾಗಿದ್ದುವು. ಆ ಬಳೆ ಸುತ್ತಲಿನ ವಿದ್ಯುತ್ತಿನ ಪ್ರಭಾವವನ್ನು ಹಿಡಿದು ಮೊರೆಯುತ್ತಿತ್ತು.

ಹುಡುಗ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, "ಅಪ್ಪನ ಬಳಿಯೂ ಇಂತಹ ಯಂತ್ರವೊಂದಿತ್ತು" ಎಂದನು.

ಈಗ ನಮಗೆಲ್ಲರಿಗೂ ವಿಷಯ ತಿಳಿಯಿತು. ಭಾವನವರೂ ಒಂದಾನೊಂದು ಶನಿವಾರ ಹೀಗೆಯೇ ವೇದಿಕೆಯ ಮೇಲೆ ನಿಂತು ಈ ಮೊರೆತವನ್ನೇ ಕೇಳಿದ್ದಿರಬೇಕು. ಬಳೆಯನ್ನು ಎಲ್ಲಿಯಾದರೂ ಕಡಿದರೆ ಸದ್ದು ನಿಲ್ಲುತ್ತದೆಂಬುದು ಅವರಿಗೆ ಗೊತ್ತಿತ್ತು. ಅವರು ಅತ್ಯಂತ ಸುಲಭವಾದಲ್ಲಿ ಕಡಿದರು. ಅದೇ ಅತ್ಯಂತ ಅಪಾಯಕರವಾದ ಸ್ಥಳವಾಗಿತ್ತು. ರೋಗವನ್ನು ಗುರುತಿಸಿದ್ದರಲ್ಲಿ ಅವರ ಕಿವಿ ತಪ್ಪಲಿಲ್ಲ. ಔಷಧ ಮಾತ್ರ ತಪ್ಪಾಯಿತು. ಆ ಪೆಟ್ಟಿಗೆಯೊಡನೆ ಅವರು ಎಷ್ಟೋ ಸಂಜೆ ನುಡಿಸಿಯೂ ಮನೆಗೆ ಕ್ಷೇಮವಾಗಿ ಮರಳಿದುದು ನಮ್ಮ ಅಕ್ಕನ ಪುಣ್ಯ.

ಸರಿಯಾದ ಔಷಧ ಏನೆಂದು ಹಿರಿಯರು ತೋರಿಸಿಕೊಟ್ಟರು. ಎರಡೂ ಪ್ಲಗ್ಗುಗಳನ್ನು ಒಂದೇ ಗೋಡೆಯ ಒಂದೇ ಬೋರ್ಡಿಗೆ ಸಿಕ್ಕಿಸಿದರು. ಬಳೆ ಕಿರಿದಾಯಿತು, ಮೊರೆತ ಕೇಳಿಸದಷ್ಟು ಕುಗ್ಗಿತು. ಅದರಿಂದಲೂ ನಿಲ್ಲದಿದ್ದರೆ ಗಿಟಾರಿನ ವಯರಿನ ದಾರಿಯಲ್ಲಿ ಪ್ರತ್ಯೇಕಿಸುವ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ಇಡಬಹುದಂತೆ. ಅದು ನಾದವನ್ನು ದಾಟಿಸುತ್ತದೆ, ಬಳೆಯನ್ನು ಕಡಿಯುತ್ತದೆ. ಏನಾದರಾಗಲಿ, ಮೂರನೆಯ ಪಿನ್ನನ್ನು ಮಾತ್ರ ಮುಟ್ಟತಕ್ಕದ್ದಲ್ಲ.

ಉತ್ಸವದ ದಿನ ಅಕ್ಕನೂ ಬಂದಿದ್ದಳು. ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಹುಡುಗ ಪೆಟ್ಟಿಗೆಯ ಗುಂಡಿಯನ್ನು ಏರಿಸಿದಾಗ, ನುಡಿಸುವುದಕ್ಕೆ ಮುಂಚೆ, ತೆಳ್ಳಗೆ ಸುಯ್ ಎಂಬ ಸದ್ದು ಕೇಳಿಸಿತು. ನಾನು ಗಾಬರಿಯಿಂದ ಹಿರಿಯರ ಕಡೆಗೆ ತಿರುಗಿದೆನು. "ಅದಕ್ಕೆ ಮದ್ದಿಲ್ಲ, ಮದ್ದು ಬೇಕಾಗಿಯೂ ಇಲ್ಲ" ಎಂದರು ಅವರು. ವಾಲ್ವಿನಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿ ಮಳೆಹನಿಗಳಂತೆ ಬೀಳುವ ಸದ್ದನ್ನು ಷಾಟ್ಕಿ ಎಂಬ ಜರ್ಮನ್ ವಿಜ್ಞಾನಿ 1918ರಲ್ಲಿಯೇ ವಿವರಿಸಿದ್ದನು. 1928ರಲ್ಲಿ ಅಮೆರಿಕೆಯಲ್ಲಿದ್ದ ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬಿಬ್ಬರು, ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿದವರು, ಪ್ರತಿಯೊಂದು ರೆಸಿಸ್ಟರಿನಲ್ಲಿಯೂ ಅದರ ಬಿಸಿಯ ಕಾರಣದಿಂದಲೇ ಸದ್ದು ಹುಟ್ಟುತ್ತದೆಂದು ತೋರಿಸಿಕೊಟ್ಟರು. ಇಂತಹ ಪೆಟ್ಟಿಗೆಗಳ ಬಾಗಿಲಲ್ಲಿ ಸಾಮಾನ್ಯವಾಗಿ ಇರುವ 68 ಕಿಲೋಓಮಿನ ರೆಸಿಸ್ಟರು ಸುಮ್ಮನೆ ಕುಳಿತೇ ಸುಮಾರು 3 ಮೈಕ್ರೋವೋಲ್ಟಿನಷ್ಟು ಸದ್ದನ್ನು ಹೆರುತ್ತದೆ. ವಾಲ್ವ್‌ಗಳು ಅದನ್ನು ಸಾವಿರಾರು ಪಟ್ಟು ಹೆಚ್ಚಿಸುತ್ತವೆ. ಬಿಸಿಯಿರುವ ತನಕ ಆ ಉಸಿರು ಇದ್ದೇ ಇರುತ್ತದೆ. ಕೆಟ್ಟದ್ದನ್ನು ಕಳೆದ ಮೇಲೂ ಉಳಿಯುವ ಸದ್ದು ದೋಷವಲ್ಲ, ಸ್ವಭಾವ.

ಹಿರಿಯರ ಈ ಮಾತನ್ನು ನಾನು ಅಕ್ಕನಿಗೆ ವಿವರಿಸಹೊರಟೆನು. ಅವಳು ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿದಳು. "ಗೊತ್ತು. ಅವರು ನುಡಿಸುವುದಕ್ಕೆ ಮುಂಚೆ ದಿನವೂ ಹೀಗೆಯೇ ಕೇಳುತ್ತಿತ್ತು" ಎಂದಳು. ಅಷ್ಟರಲ್ಲಿ ಹುಡುಗ ತಂತಿಗೆ ಕೈಹಚ್ಚಿದನು.

ಕತ್ತರಿಸಿದ ಆ ಹಳೆಯ ಪ್ಲಗ್ಗನ್ನು ಅವನು ಬಿಸುಡಲಿಲ್ಲ. ಗಿಟಾರಿನ ಪೆಟ್ಟಿಗೆಯ ಸಣ್ಣ ಅರೆಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದಾನೆ. ತಂದೆಯ ಕೈ ಸೋಕಿದ ವಸ್ತು, ಇಟ್ಟುಕೊಳ್ಳಲಿ. ಗೋಡೆಗೆ ಸಿಕ್ಕಿಸದಿದ್ದರೆ ಸಾಕು.